ನಿಂತಿದೆ ಎಂದವನು

ಹಡಗಿನವರೆಲ್ಲ ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಕಿವಿ ದೊಡ್ಡದೆಂದಲ್ಲ, ಎಲ್ಲರಿಗೂ ಇರುವಷ್ಟೇ ಇತ್ತು. ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿ ಬೆವರು ಸುರಿಸಿದವನಿಗೆ, ಡೀಸೆಲ್ ಎಂಜಿನ್ನಿನ ಆರು ಸಿಲಿಂಡರುಗಳಲ್ಲಿ ಇವತ್ತು ಯಾವುದು ಮುನಿಸಿಕೊಂಡಿದೆ ಎಂಬುದು ಏಣಿ ಇಳಿಯುವಾಗಲೇ ಸದ್ದಿನಿಂದ ಗೊತ್ತಾಗುತ್ತಿತ್ತು. ಓದಿ ಬಂದ ಎಂಜಿನಿಯರುಗಳು ಮೀಟರು ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದರೆ ಇವನು ಕೈ ಒರೆಸಿಕೊಳ್ಳುತ್ತ, "ನಾಲ್ಕನೇದು ನೋಡಿ ಸಾರ್" ಎಂದು ಹೇಳಿ ಟೀ ಕುಡಿಯಲು ಹೋಗಿಬಿಡುತ್ತಿದ್ದ. ನೋಡಿದರೆ ನಾಲ್ಕನೆಯದೇ ಆಗಿರುತ್ತಿತ್ತು. ಇಂಥವನಿಗೆ ಸ್ವಲ್ಪ ಜಂಬ ಇಲ್ಲದಿದ್ದರೆ ಅನುಮಾನಪಡಬೇಕು. ಇವನಿಗೆ ಇತ್ತು, ಸ್ವಲ್ಪವಲ್ಲ, ಧಾರಾಳವಾಗಿಯೇ ಇತ್ತು.

ಅವನಿಗೆ ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಬೇಗ ಹೋದರು. ತಂಗಿಯನ್ನು ಓದಿಸಿ, ಹೊಲಿಗೆ ಕಲಿಸಿ, ಒಂದು ದಡ ಮುಟ್ಟಿಸುವ ಹೊತ್ತಿಗೆ ತನ್ನ ಕೂದಲು ನರೆತಿತ್ತು. ತಂಗಿಗೆ ಗಂಡು ಹುಡುಕಿದವನೂ ಅವನೇ. ಬಂದರಿನಲ್ಲಿ ಡೈವರ್ ಆಗಿದ್ದ ಗೆಳೆಯನೊಬ್ಬನಿದ್ದ. ಹಡಗುಗಳ ಕೆಳಗೆ ಮುಳುಗಿ ತಳ ಉಜ್ಜುವುದು, ಪ್ರೊಪೆಲರಿಗೆ ಸುತ್ತಿಕೊಂಡ ಹಗ್ಗ, ಬಲೆ ಕತ್ತರಿಸುವುದು ಅವನ ಕೆಲಸ. "ನೀರಿನಡಿ ಇರೋನು, ಮನೇಲಿ ಜಾಸ್ತಿ ಮಾತಾಡಲ್ಲ, ಒಳ್ಳೇದಲ್ವಾ?" ಎಂದು ತಂಗಿಯನ್ನು ನಗಿಸಿ ಒಪ್ಪಿಸಿದ್ದ. ಮದುವೆಯಾದ ಮೇಲೆ ಗೆಳೆಯರಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದು ಕರೆಯತೊಡಗಿದರು. ಹಡಗು ದಡದಲ್ಲಿದ್ದಾಗಲೆಲ್ಲ ಕಿವಿಯಣ್ಣನ ಊಟ ತಂಗಿಯ ಮನೆಯಲ್ಲೇ. ಅವನಿಗೆ ಮನೆ ಎಂದು ಇದ್ದದ್ದು ಅದೊಂದೇ.

ಹೋದ ವರ್ಷ ಹಡಗನ್ನು ಡಾಕಿಗೆ ಹಾಕಿ ಹೊಟ್ಟೆ ಬಗೆದರು. ಮುದಿ ಎಂಜಿನ್ನನ್ನು ಕ್ರೇನಿನಲ್ಲಿ ಎತ್ತಿ ಗುಜರಿಗೆ ಕಳಿಸಿದರು. ಅದರ ಜಾಗದಲ್ಲಿ ಎರಡು ಡೀಸೆಲ್ ಜನರೇಟರು, ಒಂದು ಕೋಣೆ ತುಂಬ ಬ್ಯಾಟರಿ, ಪ್ರೊಪೆಲರ್ ತಿರುಗಿಸುವ ಉದ್ದನೆಯ ಶಾಫ್ಟಿಗೇ ಜೋಡಿಸಿದ ಒಂದು ದೊಡ್ಡ ಕರೆಂಟ್ ಮೋಟರು ಬಂದವು. ಹೈಬ್ರಿಡ್ ಎಂದು ಹೆಸರಿಟ್ಟರು. ಸಮುದ್ರದಲ್ಲಿರುವಾಗ ಡೀಸೆಲ್ಲು ಕರೆಂಟು ಮಾಡುತ್ತದೆ, ಕರೆಂಟು ಮೋಟರನ್ನು ತಿರುಗಿಸುತ್ತದೆ, ಮಿಕ್ಕಿದ್ದು ಬ್ಯಾಟರಿಗೆ ಹೋಗುತ್ತದೆ. ಬಂದರಿನೊಳಗೆ ಬಂದ ಮೇಲೆ ಡೀಸೆಲ್ ಬಂದ್. ಬ್ಯಾಟರಿಯ ಮೇಲೆಯೇ ಹಡಗು ಮೆಲ್ಲಗೆ ಸಾಗುತ್ತದೆ, ಹೊಗೆಯಿಲ್ಲ, ಸದ್ದಿಲ್ಲ.

ಪಾಠ ಹೇಳಲು ಬಂದ ಟ್ರೇನರು ಎಂಜಿನ್ ರೂಮಿಗೆ ಬಿಳಿ ಶೂ ಹಾಕಿಕೊಂಡು ಇಳಿದಿದ್ದ. ಅಷ್ಟಕ್ಕೇ ಕಿವಿಯಣ್ಣ ಅವನನ್ನು ಲೆಕ್ಕದಿಂದ ತೆಗೆದುಹಾಕಿದ.

"ಇದು ಸಬ್‌ಮರೀನಿನವರ ಹಳೇ ವಿದ್ಯೆ. ನೀರಿನ ಮೇಲೆ ಇರೋವಾಗ ಡೀಸೆಲ್ಲು, ಒಳಗೆ ಮುಳುಗಿದ್ರೆ ಬ್ಯಾಟರಿ. ಶತ್ರುಗೆ ಕೇಳಿಸಬಾರದು ಅಂತ" ಎಂದ ಟ್ರೇನರು.

"ನಮ್ಮದು ಸಿಮೆಂಟ್ ಮೂಟೆ ಸಾರ್. ಯಾವ ಶತ್ರು ಕಿವಿಗೊಟ್ಟು ಕೂತಿರ್ತಾನೆ?"

ಎಲ್ಲರೂ ನಕ್ಕರು. ಟ್ರೇನರೂ ನಕ್ಕ. ಆಮೇಲೆ ಗೋಡೆಯ ಮೇಲಿನ ಪ್ಯಾನೆಲ್ಲಿನಲ್ಲಿ ಕೆಂಪು ಪಟ್ಟಿ ಕಟ್ಟಿದ್ದ ಒಂದು ಬೀಗದ ಕೈ ತೋರಿಸಿದ. ಯಾರಾದರೂ ಹಡಗಿನ ಕೆಳಗೆ ಇಳಿಯುವುದಿದ್ದರೆ ಇದನ್ನು ತಿರುಗಿಸಿ ತೆಗೆಯಬೇಕು, ಆಗ ಮೋಟರಿಗೆ ಕರೆಂಟು ಹೋಗುವುದಿಲ್ಲ. ತೆಗೆದದ್ದನ್ನು ಇಳಿಯುವವನ ಕೈಗೇ ಕೊಡಬೇಕು, ಅವನು ಮೇಲೆ ಬಂದು ವಾಪಸು ಕೊಡುವ ತನಕ ಯಾರೂ ಏನೂ ಮಾಡುವ ಹಾಗಿಲ್ಲ. "ಸದ್ದಿಲ್ಲ ಅಂದ್ರೆ ನಿಂತಿದೆ ಅಂತ ಅಲ್ಲ, ನೆನಪಿರಲಿ" ಎಂದೂ ಹೇಳಿದ. ಕಿವಿಯಣ್ಣ ತಲೆಯಾಡಿಸಿದ. ಹಾಜರಿ ಪಟ್ಟಿಗೆ ಸಹಿಯನ್ನೂ ಹಾಕಿದ.

ಅವನ ತಲೆಯಾಡಿಕೆಯ ಹಿಂದೆ ಏನಿತ್ತು ಎಂಬುದನ್ನು ಹೇಳಿಬಿಡುವುದು ನ್ಯಾಯ. ಹಳೆಯ ಎಂಜಿನ್ ಶುರುವಾಗಬೇಕಾದರೆ ಮೊದಲು ಗಾಳಿ ಒಳಗೆ ನುಗ್ಗಬೇಕಿತ್ತು, ಆ ಗಾಳಿಯ ವಾಲ್ವು ಇದ್ದದ್ದು ಅವನ ಕೈಯಳತೆಯಲ್ಲಿ. ಮೇಲೆ ಹಡಗು ನಡೆಸುವ ಕೋಣೆಯಲ್ಲಿ ಕ್ಯಾಪ್ಟನ್ನೇ ನಿಂತು ಲಿವರು ಹಿಂದೆ ಮುಂದೆ ಎಳೆದಾಡಿದರೂ ಕೆಳಗೆ ಇವನು ವಾಲ್ವು ಬಿಡದೆ ಒಂದು ಕೂದಲೆಳೆಯಷ್ಟೂ ಪ್ರೊಪೆಲರ್ ಅಲುಗುತ್ತಿರಲಿಲ್ಲ. ಹೀಗಾಗಿ ಡೈವರ್ ಬಂದು "ಭಾವ, ನಿಂತಿದೆಯಾ?" ಎಂದು ಕೇಳಿದರೆ, ಇವನು "ನಿಂತಿದೆ" ಎಂದರೆ ಮುಗಿಯಿತು. ಕಾಗದಪತ್ರ, ಸಹಿ, ಮೊಹರು ಎಲ್ಲ ಆಮೇಲೆ, ಟೀ ಕುಡಿಯುತ್ತ ಆಗುತ್ತಿತ್ತು. ಹದಿನಾಲ್ಕು ವರ್ಷ ಭಾವ ಆ ಒಂದು ಮಾತಿನ ಮೇಲೆ ನೀರಿಗಿಳಿದು, ಅದೇ ಮಾತಿನ ಮೇಲೆ ಎದ್ದು ಬಂದಿದ್ದ.

ಅವತ್ತು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹಡಗು ದಡ ಸೇರುವಾಗ ಪ್ರೊಪೆಲರಿಗೆ ಯಾವುದೋ ಹಳೆಯ ಹಗ್ಗ ಸುತ್ತಿಕೊಂಡು ಇಡೀ ಹಡಗು ಥರಗುಟ್ಟಿತು. ಚೀಫ್ ಎಂಜಿನಿಯರು ಡೈವರಿಗೆ ಫೋನ್ ಮಾಡಿ, "ಡೈವರ್ ಇಳಿಸೋ ಫಾರಮ್ಮು ನಾನು ಬಂದ್ಮೇಲೆ ತುಂಬೋಣ" ಎಂದು ಕಿವಿಯಣ್ಣನಿಗೆ ಹೇಳಿ ಬಂದರಿನ ಕಚೇರಿಗೆ ಹೋದರು. ಭಾವ ರಬ್ಬರ್ ದೋಣಿಯಲ್ಲಿ ಬಂದ. ದೋಣಿಯವನನ್ನು ಹಡಗಿನ ಹಿಂಭಾಗದಲ್ಲೇ ಬಿಟ್ಟು, ಕಪ್ಪು ರಬ್ಬರ್ ಉಡುಪಿನಲ್ಲೇ ಹಡಗು ಹತ್ತಿ ಎಂಜಿನ್ ರೂಮಿನ ಬಾಗಿಲಿಗೆ ಬಂದು ಕೆಳಗೆ ಬಗ್ಗಿ ನೋಡಿದ.

"ಭಾವ, ನಿಂತಿದೆಯಾ?"

"ನಿಂತಿದೆ."

"ಸರಿಯಾಗಿ ನಿಂತಿದೆಯಾ? ಇದು ಹೊಸದು ಮಾರಾಯ, ನಂಗೆ ಇದರ ಅಂದಾಜು ಹತ್ತಲ್ಲ."

"ನನ್ನ ಕಿವಿ ಯಾವತ್ತು ಸುಳ್ಳು ಹೇಳಿದೆ ಭಾವ?"

ಭಾವ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತ. "ಅದೇನೋ ಬೀಗದ ಕೈ ಕೊಡ್ತಾರಂತಲ್ಲ, ಅದು ಕೊಡು."

"ಬೀಗದ ಕೈ ತಗೊಂಡು ಏನ್ ಮಾಡ್ತೀಯ? ನಾನೇ ಇಲ್ಲಿ ಬೀಗದ ಹಾಗೆ ಕೂತಿದೀನಲ್ಲ. ಬೇಗ ಮುಗಿಸು, ತಂಗಿ ಊಟಕ್ಕೆ ಕಾಯ್ತಿರ್ತಾಳೆ."

ಭಾವ ನಕ್ಕು ಹೋದ. ಕಿವಿಯಣ್ಣ ಒಂದು ಫಿಲ್ಟರು ಬಿಚ್ಚಿ ತೊಳೆಯುತ್ತ ಕೂತ. ಮೇಲಿನ ಕೋಣೆಯಲ್ಲಿದ್ದ ಮೇಟ್, ಅಂದರೆ ಕ್ಯಾಪ್ಟನ್ನಿನ ಕೈಕೆಳಗಿನವನು, ಹಡಗಿನ ಹಿಂಭಾಗ ದಡದಿಂದ ಸರಿಯುತ್ತಿರುವುದನ್ನು ನೋಡಿದ. ಡೈವರ್ ಬಂದದ್ದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಈಗ ಮೇಲೆ ಲಿವರು ತಳ್ಳಿದರೆ ಮೋಟರು ನೇರವಾಗಿ ತಿರುಗುತ್ತಿತ್ತು, ಕೆಳಗೆ ಯಾರೂ ವಾಲ್ವು ಬಿಡಬೇಕಿರಲಿಲ್ಲ. ಎರಡು ಬೆರಳಿನಲ್ಲಿ ಲಿವರನ್ನು ಒಂದು ಗೆರೆ ಮುಂದಕ್ಕೆ ತಳ್ಳಿ, ಹಡಗು ಸರಿಯಾಗಿ ಒರಗಿದ ಮೇಲೆ ಹಿಂದಕ್ಕೆ ತಂದ. ಹನ್ನೊಂದು ಸೆಕೆಂಡು ಎಂದು ಕಂಪ್ಯೂಟರಿನಲ್ಲಿ ದಾಖಲಾಗಿದೆ. ಅಷ್ಟೂ ಹೊತ್ತು ಶಾಫ್ಟು ಕಿವಿಯಣ್ಣನ ಬೆನ್ನ ಹಿಂದೆ, ಎರಡು ಮಾರು ದೂರದಲ್ಲಿ ತಿರುಗಿತು. ಗಾಳಿಯ ಫ್ಯಾನಿನ ಸದ್ದು ಬಿಟ್ಟರೆ ಅವನಿಗೆ ಏನೂ ಕೇಳಿಸಲಿಲ್ಲ. ದೋಣಿಯವನು ಕಿರುಚಿದ್ದು ಮಾತ್ರ ಕೇಳಿಸಿತು.

ಅವತ್ತಿನಿಂದ ಕಿವಿಯಣ್ಣನ ಒಳಗೆ ಏನೋ ಜೋಮು ಹಿಡಿಯಿತು. ಕಾಲು ಮಡಿಸಿ ಬಹಳ ಹೊತ್ತು ಕೂತರೆ ಹಿಡಿಯುತ್ತದಲ್ಲ, ಹಾಗೆ. ಅದಾದರೆ ಸ್ವಲ್ಪ ಹೊತ್ತಿಗೆ ಚುಚ್ಚಿ ಚುಚ್ಚಿ ಬಿಡುತ್ತದೆ, ಇದು ಬಿಡಲೇ ಇಲ್ಲ. ಭಾವನ ಹೆಣ ಎತ್ತುವಾಗ ಹಗ್ಗ ಹಿಡಿದ ನಾಲ್ವರಲ್ಲಿ ಅವನೂ ಒಬ್ಬ. ಅಳು ಬರಲಿಲ್ಲ. ತಂಗಿ ಎದೆ ಎದೆ ಬಡಿದುಕೊಂಡು ಬಂದು ಅವನ ಹೆಗಲಿಗೆ ಬಿದ್ದಾಗ, ಅವಳ ಬೆನ್ನು ತಟ್ಟುತ್ತ, ಅವಳ ರವಿಕೆಯ ತೋಳಿನ ಹೊಲಿಗೆ ಒಂದು ಕಡೆ ಬಿಟ್ಟಿದೆ ಎಂಬುದನ್ನು ಗಮನಿಸಿದ. ಆಮೇಲೆ ನೆನಪಾದದ್ದೂ ಅದೇ.

ವಿಚಾರಣೆಗೆ ಕರೆಯುವ ಹಿಂದಿನ ದಿನ ಚೀಫ್ ಎಂಜಿನಿಯರು ಅವನನ್ನು ತನ್ನ ಕ್ಯಾಬಿನ್ನಿಗೆ ಕರೆಸಿ ಬಾಗಿಲು ಹಾಕಿದರು. ಕೆಟ್ಟವರೇನಲ್ಲ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ.

"ಕಿವಿಯಣ್ಣ, ಫಾರಮ್ಮಿಗೆ ಯಾರ ಸಹಿನೂ ಇಲ್ಲ. ನಂದೂ ಇಲ್ಲ, ನಿಮ್ಮದೂ ಇಲ್ಲ, ಅವರದೂ ಇಲ್ಲ. ಅಂದ್ರೆ ಏನಾಯ್ತು? ಅವರು ಯಾರಿಗೂ ಹೇಳದೆ ಇಳಿದ ಹಾಗಾಯ್ತು."

ಕಿವಿಯಣ್ಣ ಮುಚ್ಚಿದ ಬಾಗಿಲ ಕಡೆ ನೋಡಿದ.

"ನಿಮಗೆ ಇನ್ನೆರಡು ವರ್ಷ ಸರ್ವಿಸಿದೆ. ತಂಗಿಗೆ ಇನ್ಯಾರಿದ್ದಾರೆ, ನೀವೇ ತಾನೆ? ನೀವೂ ಜೈಲಿಗೆ ಹೋಗಿ ಕೂತ್ರೆ ಅವರ ಗತಿ ಏನು? ಹೋದವರಂತೂ ವಾಪಸ್ ಬರಲ್ಲ."

ದೋಣಿಯವನು ವಿಚಾರಣೆಯಲ್ಲಿ, ಡೈವರ್ ಹಡಗು ಹತ್ತಿದ, ಇಳಿದು ಬಂದ, ನೀರಿಗೆ ಹೋದ ಎಂದಷ್ಟೇ ಹೇಳಿದ. ಮೇಲೆ ಯಾರ ಹತ್ತಿರ ಏನು ಮಾತಾಡಿದ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅಧಿಕಾರಿ ಕಿವಿಯಣ್ಣನತ್ತ ತಿರುಗಿ, "ನಿಮ್ಮನ್ನೇನಾದ್ರೂ ಭೇಟಿಯಾಗಿದ್ರಾ?" ಎಂದು ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಕಿವಿಯಣ್ಣ ಹೆಗಲು ಮುಟ್ಟಿಕೊಳ್ಳಲೂ ಇಲ್ಲ. "ಇಲ್ಲ ಸಾರ್" ಎಂದ. ಎರಡೇ ಪದ. ಡೈವರು ಯಾರಿಗೂ ತಿಳಿಸದೆ, ಅನುಮತಿ ಪಡೆಯದೆ, ಸ್ವಂತ ನಿರ್ಧಾರದಿಂದ ನೀರಿಗಿಳಿದದ್ದೇ ಅಪಘಾತಕ್ಕೆ ಕಾರಣ ಎಂದು ವರದಿ ಬರೆದು ಕಡತ ಮುಚ್ಚಿದರು.

ಆ ವರದಿಯ ಒಂದು ಪ್ರತಿ ತಂಗಿಯ ಮನೆಗೂ ಬಂತು. ಅವಳು ಹೊಲಿಗೆ ಮಿಷನ್ನಿನ ಮುಂದೆ ಕೂತೇ ಓದಿದಳು, ಮತ್ತೆ ಓದಿದಳು. ಅಲ್ಲಿಗೆ ಅವಳ ಅಳು ನಿಂತುಹೋಯಿತು. ಗಂಡನ ಬಟ್ಟೆಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಎಸೆದಳು. ಹದಿನಾಲ್ಕು ವರ್ಷದ ಸಂಸಾರದ ಮೇಲೆ ಅವಳಿಗೆ ಹುಟ್ಟಿದ್ದು ಸಿಟ್ಟು.

"ಗ್ಯಾಸ್ ಆಫ್ ಮಾಡಿದ್ಯಾ ಅಂತ ಮಲಗೋ ಮುಂಚೆ ಮೂರು ಸಲ ಕೇಳೋ ಮನುಷ್ಯ ಅಣ್ಣಾ. ರಸ್ತೆ ದಾಟೋವಾಗ ನನ್ನ ಕೈಯೂ ಬಿಡ್ತಿರಲಿಲ್ಲ, ಮಗಳ ಕೈಯೂ ಬಿಡ್ತಿರಲಿಲ್ಲ. ಅಲ್ಲಿ ಮಾತ್ರ ಯಾರನ್ನೂ ಒಂದು ಮಾತು ಕೇಳಲಿಲ್ಲ ನೋಡು. ನಾವಿಬ್ಬರು ಇದೀವಿ ಅನ್ನೋದೇ ನೆನಪಾಗಲಿಲ್ವಾ? ಅಷ್ಟು ಹಗುರಾಗಿಬಿಟ್ವಾ ನಾವು?"

"ಊಟಕ್ಕೆ ಹಾಕು" ಎಂದ ಕಿವಿಯಣ್ಣ.

ಹೀಗೆ ನಾಲ್ಕು ತಿಂಗಳು ಹೋಯಿತು. ಹಡಗು ಹೋಗುತ್ತಿತ್ತು, ಬರುತ್ತಿತ್ತು. ಬಂದರಿನೊಳಗೆ ಬಂದು ಡೀಸೆಲ್ ನಿಂತಾಗ ಎಂಜಿನ್ ರೂಮಿನಲ್ಲಿ ಬೀಳುವ ಆ ಮೌನದಲ್ಲಿ ಕಿವಿಯಣ್ಣ ಎದ್ದು ಹೋಗಿ ಶಾಫ್ಟಿನ ಪಕ್ಕ ನಿಂತು ಕಣ್ಣಿಟ್ಟು ನೋಡುತ್ತಿದ್ದ. ಯಾರಾದರೂ ಏನನ್ನಾದರೂ ಕೇಳಿದರೆ, "ಮೀಟರ್ ನೋಡಿ" ಎನ್ನುತ್ತಿದ್ದ. ಹಡಗಿನವರು ಅವನನ್ನು ಕಿವಿಯಣ್ಣ ಎಂದು ಕರೆಯುವುದನ್ನೂ ಕಡಿಮೆ ಮಾಡಿದ್ದರು. ನಿದ್ದೆ ಬರುತ್ತಿತ್ತು, ಹಸಿವಾಗುತ್ತಿತ್ತು. ಅದೇ ಅವನಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಮಾಡಬಾರದ್ದು ಮಾಡಿದವನಿಗೆ ಅನ್ನ ಸೇರುವುದಿಲ್ಲ ಎಂದು ದೊಡ್ಡವರು ಹೇಳುತ್ತಿದ್ದರಲ್ಲ, ಸುಳ್ಳು. ಸೇರುತ್ತದೆ, ರುಚಿ ಮಾತ್ರ ಗೊತ್ತಾಗುವುದಿಲ್ಲ.

ಒಂದು ಶನಿವಾರ ಮಧ್ಯಾಹ್ನ ಅವನು ತಂಗಿಯ ಮನೆಗೆ ಹೋದಾಗ ಒಳಗೆ ಗಲಾಟೆ. ತಂಗಿಯ ಮಗಳು ಪುಟ್ಟಿಗೆ ಒಂಬತ್ತು ವರ್ಷ. ಶಾಲೆಯಿಂದ ಬರುವಾಗ ಬಲೂನು ಮಾರುವವನನ್ನು ಕಂಡು, ಅಮ್ಮನ ಕೈ ಕೊಸರಿಕೊಂಡು ರಸ್ತೆಗೆ ನುಗ್ಗಿದ್ದಳಂತೆ. ಲಾರಿ ಬ್ರೇಕ್ ಹಾಕಿ ಒಂದು ಗೇಣು ದೂರದಲ್ಲಿ ನಿಂತಿತಂತೆ. ತಂಗಿಯ ಮುಖ ಇನ್ನೂ ಬಿಳಿಚಿಕೊಂಡಿತ್ತು. ಹುಡುಗಿಯ ಕೆನ್ನೆಯ ಮೇಲೆ ಐದು ಬೆರಳೂ ಮೂಡಿದ್ದವು.

"ಅಪ್ಪನ ಬುದ್ಧಿ! ಥೇಟ್ ಅಪ್ಪನ ಬುದ್ಧಿ! ಯಾರನ್ನೂ ಕೇಳೋದಿಲ್ಲ, ನೋಡೋದಿಲ್ಲ, ನುಗ್ಗೋದೊಂದೇ! ಅವರು ಹೋದ್ರು, ಇನ್ನು ನೀನೂ ಹೋಗು!" ಎಂದು ಕೂಗಿ ತಂಗಿ ಅಡುಗೆಮನೆಗೆ ಹೋದಳು.

ಕಿವಿಯಣ್ಣ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಣ್ಣೊರೆಸಿದ. ಅವಳು ಬಿಕ್ಕುತ್ತ ಬಿಕ್ಕುತ್ತ ಅವನ ಅಂಗಿಯ ಗುಂಡಿ ತಿರುಗಿಸುತ್ತ ಹೇಳಿದಳು: "ಮಾಮಾ, ನಾನು ಅಪ್ಪನ ಹಾಗೆ ಆಗಲ್ಲ. ಆಣೆಗೂ ಆಗಲ್ಲ."

ಆ ಕ್ಷಣ ಅವನ ಮನಸ್ಸು ಕರಗಿತು ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ. ಏನೂ ಕರಗಲಿಲ್ಲ. ಒಂದು ಲೆಕ್ಕ ಮಾತ್ರ ಅವನಿಗೆ ತಲೆಯಲ್ಲಿ ಸ್ಪಷ್ಟವಾಗಿ ಕಂಡಿತು: ಭಾವನನ್ನು ಒಂದು ಸಲ ನೀರಿನಲ್ಲಿ ಕೊಂದಾಗಿದೆ, ಈಗ ಈ ಮನೆಯಲ್ಲಿ ದಿನಾ ಕೊಲ್ಲುತ್ತಿದ್ದಾರೆ, ಅದಕ್ಕೂ ತನ್ನ ಮಾತೇ ಕಾರಣ. ಹೇಳಿದರೆ ತಂಗಿ ಹೋಗುತ್ತಾಳೆ, ಈ ಹುಡುಗಿ ಹೋಗುತ್ತಾಳೆ, ಈ ಮನೆ ಹೋಗುತ್ತದೆ. ಹೇಳದಿದ್ದರೆ ಇವೆಲ್ಲ ಇರುತ್ತವೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಇಟ್ಟುಕೊಂಡ ಮಾತಿಗೆ ಏನಾಗುತ್ತದೆ ಎಂದು ಯಾರೂ ಹೇಳಿಲ್ಲ. ಅವನು ಎದ್ದು, ಹುಡುಗಿಗೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಆಡಿಕೊಳ್ಳಲು ಹೇಳಿ, ಅಡುಗೆಮನೆಯ ಬಾಗಿಲಿಗೆ ಹೋದ.

ತಂಗಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು.

"ಅವನು ಕೇಳಿದ್ದ" ಎಂದ ಕಿವಿಯಣ್ಣ.

"ಯಾರು?"

"ಭಾವ. ಇಳಿಯೋಕೆ ಮುಂಚೆ ನನ್ನ ಹತ್ರ ಬಂದಿದ್ದ. ನಿಂತಿದೆಯಾ ಅಂದ. ನಿಂತಿದೆ ಅಂದೆ."

ಅವಳು ತಿರುಗಿದಳು. ಕೈಯಲ್ಲಿ ಸೌಟು ಹಾಗೇ ಇತ್ತು.

"ಸರಿಯಾಗಿ ನಿಂತಿದೆಯಾ ಅಂತ ಇನ್ನೊಂದು ಸಲ ಕೇಳಿದ. ಬೀಗದ ಕೈ ಕೊಡು ಅಂತಾನೂ ಕೇಳಿದ. ಅದು ಅವನ ಕೈಯಲ್ಲಿದ್ದಿದ್ರೆ ಮೋಟರ್ ತಿರುಗ್ತಿರಲಿಲ್ಲ. ನಾನು ಕೊಡಲಿಲ್ಲ. ತಮಾಷೆ ಮಾಡಿ ಕಳಿಸಿದೆ. ಬೇಗ ಮುಗಿಸು, ನೀನು ಊಟಕ್ಕೆ ಕಾಯ್ತಿರ್ತೀಯ ಅಂದೆ. ವಿಚಾರಣೇಲಿ ಅವನು ನನ್ನ ಹತ್ರ ಬಂದೇ ಇಲ್ಲ ಅಂತ ಸುಳ್ಳು ಹೇಳಿದೆ."

ಹೇಳಿ ಮುಗಿಸಿದ ಮೇಲೆ ಮನಸ್ಸು ಹಗುರಾಗುತ್ತದೆ ಎಂದು ಕೇಳಿದ್ದ. ಆಗಲಿಲ್ಲ. ಒಲೆಯ ಮೇಲೆ ಪಾತ್ರೆ ಉಕ್ಕಿ ಬಂತು. ತಂಗಿ ಅತ್ತ ನೋಡದೆಯೇ ಕೈ ಚಾಚಿ ಒಲೆ ಆರಿಸಿದಳು.

"ಮೂರು ಸಲ ಕೇಳಿದ್ರಾ?" ಎಂದಳು.

"ಮೂರು ಸಲ."

"ನಾಲ್ಕು ತಿಂಗಳು ನಾನು ಅವರನ್ನ ಬೈದೆ. ನೀನು ನನ್ನೆದುರು ಕೂತು ಊಟ ಮಾಡ್ತಿದ್ದೆ."

ಅವನು ಹೌದು ಎಂದ. ಅವಳು ಬೈಯುತ್ತಾಳೆ, ಸೌಟು ಎತ್ತಿ ಹೊಡೆಯುತ್ತಾಳೆ ಎಂದುಕೊಂಡು ನಿಂತಿದ್ದ, ಹೊಡೆದರೆ ಒಳ್ಳೆಯದೆಂದೂ ಅನಿಸಿತ್ತು. ಅವಳು ಅದೇನೂ ಮಾಡದೆ ಅವನನ್ನು ದಾಟಿ ಹೋಗಿ ಬಾಗಿಲು ತೆರೆದು, "ಪುಟ್ಟೀ, ಬಾ ಇಲ್ಲಿ" ಎಂದು ಕರೆದಳು. ಹುಡುಗಿ ಬಂದಳು. ಕೆನ್ನೆ ಇನ್ನೂ ಕೆಂಪಗೇ ಇತ್ತು.

"ಇವಳಿಗೂ ಹೇಳು" ಎಂದಳು ತಂಗಿ.

"ಬೇಡಮ್ಮ, ಮಗು ಅದು..."

"ಇವಳಿಗೆ ಹೇಳು ಅಣ್ಣಾ. ನನಗೆ ಹೇಳಿದ ಹಾಗೇ ಹೇಳು. ಒಂದು ಮಾತೂ ಬಿಡಬೇಡ."

ಕಿವಿಯಣ್ಣ ಹುಡುಗಿಯ ಎತ್ತರಕ್ಕೆ ಬಗ್ಗಿ ಕೂತು ಮತ್ತೆ ಹೇಳಿದ. ಅಪ್ಪ ಕೇಳಿದ್ದು, ತಾನು ಹೇಳಿದ್ದು, ಮತ್ತೆ ಕೇಳಿದ್ದು, ತಾನು ಬೀಗದ ಕೈ ಕೊಡದೆ ಹೋದದ್ದು. ಸುಳ್ಳು ಹೇಳಿದ್ದನ್ನೂ ಹೇಳಿದ. ಹುಡುಗಿ ಕಣ್ಣು ಮಿಟುಕಿಸದೆ ಕೇಳಿಸಿಕೊಂಡಳು. ಅವಳಿಗೆ ಬೇಕಾದದ್ದು ಅಷ್ಟರಲ್ಲಿ ಒಂದೇ ಇತ್ತು.

"ಹಾಗಾದ್ರೆ ಅಪ್ಪಂದು ತಪ್ಪಿಲ್ವಾ?"

"ಇಲ್ಲಮ್ಮ. ಅಪ್ಪಂದು ಏನೂ ತಪ್ಪಿಲ್ಲ."

"ಅಮ್ಮಾ, ಅಪ್ಪಂದು ತಪ್ಪಿಲ್ವಂತೆ!" ಎಂದು ಹುಡುಗಿ ತಿರುಗಿ, ಪರೀಕ್ಷೆಯಲ್ಲಿ ಪಾಸಾದವಳ ಹಾಗೆ ಕೂಗಿದಳು.

ತಂಗಿ ಹೊಲಿಗೆ ಮಿಷನ್ನಿನ ಸ್ಟೂಲಿನ ಮೇಲೆ ಕುಸಿದು ಕೂತಳು. "ಸೋಮವಾರ ಆ ಅಧಿಕಾರಿಗೂ ಹೇಳು" ಎಂದಳು.

"ಹೇಳ್ತೀನಿ."

"ಇನ್ನು ಹೋಗು. ಇಲ್ಲಿಗೆ ಬರಬೇಡ."

ಅವನು ಚಪ್ಪಲಿ ಮೆಟ್ಟಿಕೊಂಡ. ಹುಡುಗಿ ಅಭ್ಯಾಸಬಲದಿಂದ ಬಾಗಿಲ ತನಕ ಬಂದು, "ಹೋಗ್ಬಾ ಮಾಮಾ" ಎಂದಳು. ಒಳಗಿನಿಂದ ಅಮ್ಮ ಬಾಗಿಲು ಹಾಕು ಎಂದದ್ದಕ್ಕೆ ಹಾಕಿಕೊಂಡಳು. ಅವನು ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಒಳಗೆ ತಂಗಿ ಗಂಡನನ್ನು ಕರೆದು ಕರೆದು ಅಳತೊಡಗಿದಳು. ನಾಲ್ಕು ತಿಂಗಳು ಸಿಟ್ಟಿನ ಕೆಳಗೆ ಇಟ್ಟುಕೊಂಡದ್ದನ್ನೆಲ್ಲ ಹೊರಗೆ ಹಾಕಿ ಅಳುತ್ತಿದ್ದಳು. ಇಂಥ ಹೊತ್ತಿನಲ್ಲಿ ಅವಳ ತಲೆಯ ಮೇಲೆ ಕೈಯಿಡಲು ಇದ್ದವನು ಒಬ್ಬನೇ ಅಣ್ಣ, ಅವನು ಮೆಟ್ಟಿಲ ಮೇಲೆ ನಿಂತಿದ್ದ.